ಹಿಂಡಿಗೆಲ್ಲ ಒಂದೇ ಮಾತ್ರೆ

ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ ಬಂದ ವರ್ಷ ಹೊಟ್ಟೆ ಕೆಟ್ಟಿದ್ದು ಮಾತ್ರ ಮನೆಯವರಿಗೆಲ್ಲ. ಅತ್ತೆಗೆ, ನನ್ನ ಗಂಡನಿಗೆ, ನನಗೆ. ಬೆಳಿಗ್ಗೆ ಎದ್ದರೆ ಹಿತ್ತಲ ಶೌಚಾಲಯದ ಮುಂದೆ ಮೂರು ಜನರ ಸರತಿ. ಆದಿವಾಲದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ. ಯಲ್ಲದಕೆರೆ ಪಕ್ಕದ ನಮ್ಮ ಹಟ್ಟಿಯಿಂದ ದಿನಾ ಬಸ್ಸು ಹಿಡಿದು ಹೋಗಬೇಕು. ಆ ಒಂದು ಗಂಟೆ ಬಸ್ಸಿನ ಕಂಬಿ ಹಿಡಿದುಕೊಂಡು ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ಇಂಥ ಹೊತ್ತಿನಲ್ಲಿ ತಪ್ಪು ಯಾರದೆಂದು ಹುಡುಕಲು ನಮ್ಮ ಮನೆಯಲ್ಲಿ ಯಾರೂ ಕಷ್ಟಪಡುವುದಿಲ್ಲ. ಅಡುಗೆ ಮಾಡುವವಳು ಸೊಸೆ ತಾನೆ.

“ಆ ಪಾಕೀಟಿನ ಎಣ್ಣೆ ಮನೆಗೆ ಬಂದಾಗಿಂದ ಹಿಂಗಾಗ್ತೈತೆ,” ಎಂದರು ನಮ್ಮತ್ತೆ ಕಾಟಮ್ಮ.

ಎಣ್ಣೆ ಬದಲಾಯಿಸಿದೆ. ಆಮೇಲೆ ಬೇಳೆ. ಆಮೇಲೆ ಶುದ್ಧ ನೀರಿನ ಘಟಕದ ಕ್ಯಾನು ಬಿಟ್ಟು ಬೋರ್‌ವೆಲ್ ನೀರನ್ನೇ ಕುದಿಸಿ ಆರಿಸಿ ಕೊಟ್ಟೆ. ಏನು ಮಾಡಿದರೂ ಸರತಿ ಕರಗಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. “ನಾಳೆಯಿಂದ ನೀವೇ ಒಲೆ ಮುಂದೆ ಕುಂತ್ಕಳ್ರಿ ಅತ್ತೆ,” ಎಂದು ಸೌಟು ಕುಕ್ಕಿದ್ದೂ ಉಂಟು. ನನ್ನ ಗಂಡ ಜುಂಜೇಶ್ ಇಂಥ ಸಮಯದಲ್ಲಿ ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡು ಏನೋ ರಿಪೇರಿ ಮಾಡುತ್ತಿರುತ್ತಾರೆ. ಕೆಡದೇ ಇದ್ದರೂ ಮಾಡುತ್ತಾರೆ.

ಇಷ್ಟೆಲ್ಲ ಗಲಾಟೆಯಲ್ಲಿ ಹೊಟ್ಟೆ ಗಟ್ಟಿಯಾಗಿದ್ದವರು ಮಾವ ಒಬ್ಬರೇ. ಮುದ್ದಪ್ಪ ಎಂದರೆ ಸುತ್ತಲಿನ ಹಟ್ಟಿಗಳಿಗೆಲ್ಲ ಗೊತ್ತು. ಅರವತ್ಮೂರು ವರ್ಷ, ನೂರ ನಲವತ್ತು ಕುರಿ. ದೀಪಾವಳಿ ಮುಗಿದ ವಾರಕ್ಕೆ ಹಿಂಡು ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ ದಾಟಿ ಭೀಮಸಮುದ್ರಕ್ಕೆ ನಡೆದುಬಿಡುತ್ತಾರೆ. ಅಲ್ಲಿ ಮುರುಗಪ್ಪ ಎಂಬುವರ ಅಡಿಕೆ ತೋಟದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ತೋಟಕ್ಕೆ ಗೊಬ್ಬರ, ಕುರಿಗೆ ಸುತ್ತಲಿನ ಹೊಲಗಳಲ್ಲಿ ಮೇವು. ಹತ್ತು ದಿನದ ದಾರಿ. ನಲವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ. ಮದುವೆಯಾದ ಹೊಸತರಲ್ಲಿ ನಾನು, “ಲಾರಿಗೆ ಹಾಕಿ ಕಳಿಸಬಹುದಲ್ಲ ಮಾವ,” ಎಂದಿದ್ದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆ ಹತ್ತು ದಿನಕ್ಕಾಗಿಯೇ ಅವರು ವರ್ಷದ ಉಳಿದ ದಿನಗಳನ್ನು ಸಹಿಸಿಕೊಳ್ಳುವುದು ಎಂದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು.

ಕಾಯಿಲೆ ಪತ್ತೆಯಾದದ್ದು ನಮ್ಮ ಶಾಲೆಯಲ್ಲಿ ನಡೆದ ಆರೋಗ್ಯ ಕ್ಯಾಂಪಿನಲ್ಲಿ. ಮಾವ ಚೊಂಬುಗಟ್ಟಲೆ ನೀರು ಕುಡಿಯುವುದು, ಪದೇಪದೇ ಎದ್ದು ಹೋಗುವುದು ನೋಡಿ ಅನುಮಾನ ಬಂದು ನಾನೇ ಕರೆದುಕೊಂಡು ಹೋಗಿದ್ದೆ. ಬೆರಳು ಚುಚ್ಚಿದರೆ ಮುನ್ನೂರ ಎಂಬತ್ತಾರು. ಹಿರಿಯೂರಿನಿಂದ ಬಂದಿದ್ದ ಡಾಕ್ಟರ್ ಅನುಪಮಾ ಅಲ್ಲೇ ಎಲ್ಲರಿಗೂ ಭಾಷಣ ಮಾಡಿದರು. ಮನೆಯಲ್ಲಿ ಒಬ್ಬರಿಗೆ ಇದ್ದರೆ ಉಳಿದವರೂ ಹುಷಾರಾಗಿರಬೇಕು, ಉಳಿದವರಿಗೂ ಬರಬಹುದು ಎಂದರು. ಮಾವ ಕೈಕಟ್ಟಿಕೊಂಡು ಬಹಳ ಗಮನವಿಟ್ಟು ಕೇಳಿದರು. ಡಾಕ್ಟರ್ ಬೆಳಿಗ್ಗೆ ಒಂದು, ಸಂಜೆ ಒಂದು ಬಿಳಿ ಮಾತ್ರೆ ಬರೆದುಕೊಟ್ಟರು.

ತಿಂಗಳು ಬಿಟ್ಟು ಹಿರಿಯೂರಿನ ಅವರ ಕ್ಲಿನಿಕ್ಕಿಗೆ ಹೋದೆವು. ಮುನ್ನೂರ ಐವತ್ತು.

“ಮಾತ್ರೆ ತಗೊಳ್ತಿದೀರಾ ಯಜಮಾನ್ರೇ?”

“ದಿನಾ ತಪ್ಪಿಲ್ಲ ಡಾಕ್ಟ್ರಮ್ಮ.”

ಮಾತ್ರೆಯ ಹಾಳೆಗಳು ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗಿದ್ದವು, ನಾನೇ ನೋಡಿದ್ದೆ. ಅನುಪಮಾ ಮೇಡಂ ನನ್ನ ಮುಖ ನೋಡಿದರು. ನಾನು ಮಾವನ ಮುಖ ನೋಡಿದೆ. ಬೆಲ್ಲವೇ ಇರಬೇಕು ಎಂದು ಇಬ್ಬರಿಗೂ ಖಾತ್ರಿಯಾಯಿತು. ಮಾತ್ರೆ ದುಪ್ಪಟ್ಟು ಮಾಡಿದರು. ಆಮೇಲೆ ನಾಡಿ ಹಿಡಿದು ನೋಡಿ, ಇಸಿಜಿ ತೆಗೆದರು. ಸಾಲಾಗಿ ಹೋಗುತ್ತಿದ್ದ ಗೆರೆಯ ನಡುವೆ ಅಲ್ಲಲ್ಲಿ ಒಂದೊಂದು ಬಡಿತ ತನ್ನ ಸರದಿ ಬರುವ ಮೊದಲೇ ನುಗ್ಗಿ ಬಂದಿತ್ತು. ಎದೆಗೊಂದು ಸಣ್ಣ ಡಬ್ಬಿ ಅಂಟಿಸಿ, ಇಪ್ಪತ್ನಾಲ್ಕು ಗಂಟೆ ಇಟ್ಟುಕೊಂಡು ನಾಳೆ ತಂದುಕೊಡಿ, ಇದರಲ್ಲಿ ಪ್ರತಿ ಬಡಿತವೂ ದಾಖಲಾಗುತ್ತದೆ ಎಂದರು.

“ದೀಪಾವಳಿ ಆದ್ಮೇಲೆ ಕುರಿ ಹೊಡ್ಕಂಡು ಭೀಮಸಮುದ್ರಕ್ಕೆ ಹೋಗ್ಬೇಕಲ್ಲ ನಾನು,” ಎಂದರು ಮಾವ.

“ಮೊದ್ಲು ಸಕ್ಕರೆ ಇಳೀಲಿ, ಬಡಿತ ಸರಿಹೋಗ್ಲಿ. ಹೀಗೇ ಇದ್ರೆ ಹೊಸದುರ್ಗದ ತನಕವೂ ನಡೆಯೋಕೆ ಬಿಡಲ್ಲ.”

ಬಸ್ಸಿನಲ್ಲಿ ಮಾವ ಕಿಟಕಿಯಾಚೆ ಕಂಡ ಕುರಿಗಳ ಕಡೆಗೇ ಕತ್ತು ತಿರುಗಿಸಿಕೊಂಡು ಕೂತಿದ್ದರು. ನನಗೆ ಅಯ್ಯೋ ಅನಿಸಬೇಕಿತ್ತು. ಅದರ ಬದಲು, ಅಷ್ಟು ಆಸೆ ಇದ್ದವರು ಕದ್ದು ಬೆಲ್ಲ ಯಾಕೆ ತಿನ್ನಬೇಕು ಎಂದು ಮೈ ಉರಿಯಿತು. ಮಾರನೆಯ ದಿನದಿಂದ ಪತ್ತೇದಾರಿಕೆ ಶುರು ಮಾಡಿದೆ. ಕಂಬಳಿ ಕೊಡವಿ ನೋಡಿದೆ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನನ್ನು ವಿಚಾರಿಸಿದೆ. “ಇಲ್ಲ ಮೇಡಂ, ಅಜ್ಜ ಈಗ ಸಪ್ಪೆ ಟೀನೇ ಕುಡಿಯಾದು,” ಎಂದ. ಅವನೂ ಮಾವನ ಕಡೆಯವನೇ ಎಂದುಕೊಂಡೆ. ನಮ್ಮೆಲ್ಲರ ಹೊಟ್ಟೆ ಕೆಡಲು ಶುರುವಾದದ್ದೂ ಅದೇ ವಾರ. ಒಂದು ಕಡೆ ಬೆಲ್ಲದ ತನಿಖೆ, ಇನ್ನೊಂದು ಕಡೆ ಎಣ್ಣೆಯ ಆಪಾದನೆ, ಮಧ್ಯೆ ನಾನು.

ಇನ್ನೊಂದು ತಿಂಗಳು ಬಿಟ್ಟು ಮೂರನೆಯ ಸಲ ಕ್ಲಿನಿಕ್ಕಿಗೆ ಹೋದಾಗ ಸಕ್ಕರೆ ಮುನ್ನೂರ ಹತ್ತು. ಡಬ್ಬಿಯ ವರದಿಯೂ ಮೇಜಿನ ಮೇಲಿತ್ತು. ಒಂದು ದಿನದಲ್ಲಿ ಒಂಬತ್ತು ಸಾವಿರ ಬಡಿತ ದಾರಿ ತಪ್ಪಿದ್ದವು.

“ಸಕ್ಕರೆ ರಕ್ತದಾಗೆ ಅಲ್ವಾ ಇರಾದು? ಎದೆಗ್ಯಾಕೆ ಹೋಗ್ತೈತೆ ಅದು?” ಎಂದು ಮಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಹೇಳಲು ನಾನೇ ಮುಂದಾದೆ. ಹತ್ತನೇ ಕ್ಲಾಸಿಗೆ ಹನ್ನೆರಡು ವರ್ಷದಿಂದ ಪಾಠ ಮಾಡುತ್ತಿರುವವಳು. ವರದಿಯ ಹಿಂಬದಿಯಲ್ಲಿ ಹೃದಯದ ಒಂದು ಜೀವಕೋಶ ಬರೆದು, ಅದರೊಳಗೆ ಕಡಲೆಕಾಯಿಯಂಥ ಮೈಟೊಕಾಂಡ್ರಿಯಾಗಳನ್ನು ತುಂಬಿ, ಇವೇ ಶಕ್ತಿ ತಯಾರಿಸುವ ಕಾರ್ಖಾನೆ ಎಂದು ವಿವರಿಸಿದೆ. ಮಾವ ಆ ಚಿತ್ರವನ್ನು ಕುರಿಗಳ ಜಂತಿನ ಔಷಧಿಯ ಬಾಟಲಿ ಮೇಲಿನ ಇಂಗ್ಲಿಷ್ ಚೀಟಿ ನೋಡುವ ಹಾಗೆ ನೋಡಿ ಮರ್ಯಾದೆಯಿಂದ ವಾಪಸ್ಸು ಕೊಟ್ಟರು.

ಅನುಪಮಾ ಮೇಡಂ ನಕ್ಕು ಕುರ್ಚಿ ಮುಂದೆ ಎಳೆದುಕೊಂಡರು. “ನೋಡಿ ಯಜಮಾನ್ರೇ, ಹೃದಯ ಹಗಲೂ ರಾತ್ರಿ ದುಡಿಯುತ್ತೆ, ಅದಕ್ಕೆ ಊಟ ಬೇಕು. ನಿಮ್ಮ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕ್ತಿದೆ, ಆದ್ರೆ ಅದು ಸರಿಯಾಗಿ ಒಳಗೆ ಹೋಗ್ತಿಲ್ಲ. ಬಾಗಿಲು ತೆರೀತಿಲ್ಲ. ಅದಕ್ಕೆ ಹೃದಯ ಹೆಚ್ಚಾಗಿ ಕೊಬ್ಬನ್ನೇ ಸುಟ್ಕೊಂಡು ಕೆಲಸ ಮಾಡ್ತಿದೆ. ಕೊಬ್ಬು ಸುಡೋಕೆ ಗಾಳಿ ಜಾಸ್ತಿ ಬೇಕು, ಹೊಗೆನೂ ಜಾಸ್ತಿ. ದಿನಾ ಹಾಗೇ ಆದ್ರೆ ಒಲೆನೇ ಹಾಳಾಗುತ್ತೆ. ಒಂದೊಂದು ಬಡಿತಕ್ಕೂ ಉಪ್ಪಿನಂಥ ಲವಣಗಳು ಒಳಗೆ ಹೋಗಿ ಮತ್ತೆ ಹೊರಗೆ ಬರಬೇಕು. ಹೊರಗೆ ತಳ್ಳೋಕೆ ಶಕ್ತಿ ಬೇಕು. ಶಕ್ತಿ ಸಾಲದೇ ಹೋದ್ರೆ ಹೊತ್ತಿಗೆ ಸರಿಯಾಗಿ ಬಡಿಯೋದು ತಪ್ಪುತ್ತೆ.”

ಮಾವ ಟವೆಲ್ಲಿನ ಅಂಚು ಹಿಂಡುತ್ತ ಯೋಚಿಸಿದರು.

“ಒಕ್ಕಲೆತ್ತು,” ಎಂದರು.

“ಏನಂದ್ರಿ?”

“ರಾಗಿ ತುಳಿಸುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ತಿದ್ವಿ ಡಾಕ್ಟ್ರಮ್ಮ, ತಿನ್ನಬಾರ್ದು ಅಂತ. ಕಾಲಡಿಗೆ ರಾಗಿ, ಮೂಗಿನ ಮುಂದೆ ರಾಗಿ, ಬಾಯಿಗೆ ಮಾತ್ರ ಒಂದು ಕಾಳಿಲ್ಲ. ಹಸ್ಕಂಡು ಸುತ್ತಿ ಸುತ್ತಿ, ಹೊತ್ತು ಇಳಿಯಾ ಹೊತ್ಗೆ ಹೆಜ್ಜೆ ತಪ್ಪದೆ ಇನ್ನೇನು ಮಾಡ್ತೈತೆ ಅದು?”

ಮೇಡಂ ತಲೆಯಾಡಿಸಿ, “ಇದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರಲ್ಲ. ಆ ಕುಕ್ಕೆ ಸಡಿಲ ಮಾಡೋಕೇ ಮಾತ್ರೆ ಕೊಡ್ತಿರೋದು,” ಎಂದರು. ನಾನು ನನ್ನ ಮೈಟೊಕಾಂಡ್ರಿಯಾ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

“ಎದೆ ನೋವು ಇದೆಯಾ?”

“ಇಲ್ರಿ.”

“ನೋವಿಲ್ಲ ಅಂತ ಧೈರ್ಯ ತಗೋಬೇಡಿ. ಸಕ್ಕರೆ ನರಗಳನ್ನ ಮಂಕು ಮಾಡುತ್ತೆ, ಹೃದಯ ಕೂಗಿದ್ರೂ ಕೆಲವರಿಗೆ ಕೇಳಿಸಲ್ಲ.” ಅವರು ಚೀಟಿ ಎಳೆದುಕೊಂಡು ಬರೆಯತೊಡಗಿದರು. “ಹಳೇ ಮಾತ್ರೆ ಸಾಲ್ತಿಲ್ಲ. ಇನ್ನೊಂದು ಸೇರಿಸ್ತೀನಿ, ಇದು ಸ್ವಲ್ಪ ಜೋರು. ನೀವು ಊಟದ ಮುಂಚೆ ನುಂಗಿ. ಬೇರೆ ಯಾರ ಕೈಗೂ ಸಿಗದ ಹಾಗೆ ಇಡಿ. ಕಾಯಿಲೆ ಇಲ್ಲದವರು ನುಂಗಿದ್ರೆ ಸಕ್ಕರೆ ಪಾತಾಳಕ್ಕೆ ಇಳಿದು ಪ್ರಜ್ಞೆ ತಪ್ಪಿ ಬೀಳಬಹುದು.”

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಎರಡೂ ಕೈ ಮುಂದೆ ಚಾಚಿ, “ಹಂಗಾರೆ ಅದು ಬ್ಯಾಡ, ಬಿಟ್ಬಿಡ್ರಿ ಡಾಕ್ಟ್ರಮ್ಮ. ಮನೇಲಿ ಎಲ್ರಿಗೂ ತಡಿಯಲ್ಲ ಅದು,” ಎಂದರು.

ಮೇಡಂ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ಎಲ್ರಿಗೂ ಅಂದ್ರೆ?” ಎಂದು ಕೇಳಿದವಳು ನಾನು.

ನಮ್ಮ ಮನೆಯಲ್ಲಿ ಬೆಳಗಿನ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಕಡೆದು, ಒಬ್ಬೊಬ್ಬರ ಲೋಟಕ್ಕೆ ಸುರಿಯುವುದು ಮಾವನ ಕೆಲಸ. ಸಂಜೆಯ ಮಜ್ಜಿಗೆಯೂ ಅವರದ್ದೇ. ಆ ತಪ್ಪಲೆಯನ್ನು ಬೇರೆಯವರು ಮುಟ್ಟುವಂತಿಲ್ಲ. ಮಾತ್ರೆ ಮನೆಗೆ ಬಂದ ದಿನದಿಂದ ಅವನ್ನು ಕಲ್ಲಿನಲ್ಲಿ ನುಣ್ಣಗೆ ಅರೆದು ಆ ತಪ್ಪಲೆಗೆ ಹಾಕುತ್ತಿದ್ದರಂತೆ. ದುಪ್ಪಟ್ಟಾದ ಮೇಲೆ ಆ ಮಾತ್ರೆ ಎಂಥ ಹೊಟ್ಟೆಯನ್ನೂ ಸಡಿಲ ಮಾಡಬಲ್ಲದು ಎಂದು ಅನುಪಮಾ ಮೇಡಂ ಆಮೇಲೆ ಹೇಳಿದರು.

ನಾನು ಕ್ಲಿನಿಕ್ಕು ಎನ್ನುವುದನ್ನೂ ಮರೆತೆ. “ಒಂದು ತಿಂಗ್ಳು ಮಾವ! ಎಣ್ಣೆ ಬದಲಾಯಿಸ್ದೆ, ಬೇಳೆ ಬದಲಾಯಿಸ್ದೆ, ನೀರು ಬದಲಾಯಿಸ್ದೆ! ಅತ್ತೆ ಹತ್ರ ದಿನಾ ಅನ್ನಿಸ್ಕಂಡೆ! ಯಾಕೆ ಹಿಂಗೆ ಮಾಡಿದ್ರಿ?”

“ಒಂದಕ್ಕೆ ರೋಗ ಬಂದ್ರೆ ಹಿಂಡಿಗೆಲ್ಲ ಹಾಕ್ಬೇಕು ಕಣವ್ವ,” ಎಂದರು, ನನಗೆ ಇಷ್ಟೂ ತಿಳಿಯದಲ್ಲ ಎನ್ನುವ ಹಾಗೆ. “ಕೆಮ್ಮಿದ ಕುರಿಗೆ ಮಾತ್ರ ಬಿದಿರಿನ ಗೊಟ್ಟ ಎತ್ತಿ ಔಷಧಿ ಹುಯ್ದು ಮಿಕ್ಕವನ್ನ ಬಿಟ್ರೆ, ಎಂಟು ದಿನಕ್ಕೆ ಅವೂ ಮಲಗ್ತವೆ. ಒಬ್ರಿಗಿದ್ರೆ ಮನೇರಿಗೆಲ್ಲ ಬರ್ತೈತೆ ಅಂತ ಈ ಡಾಕ್ಟ್ರಮ್ಮನೇ ಕ್ಯಾಂಪಿನಾಗೆ ಹೇಳಿದ್ರಲ್ಲ. ಹೇಳಿದ್ರೆ ನೀವು ಕುಡೀತಿದ್ರಾ?”

ಅನುಪಮಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವೆಷ್ಟು ಕುಡೀತಿದ್ರಿ ಯಜಮಾನ್ರೇ?”

“ಕಡೀಗೆ ಉಳಿದಿದ್ದು.”

“ಉಳೀತಿತ್ತಾ?”

“ಒಂದೊಂದ್ ದಿನ ಉಳೀತಿತ್ತು.”

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಭೀಮಸಮುದ್ರದ ದಾರಿಗಾಗಿ ಹಗಲಿರುಳು ಹಂಬಲಿಸುತ್ತಿದ್ದ ಮನುಷ್ಯ, ಅದಕ್ಕಿದ್ದ ಒಂದೇ ಮದ್ದನ್ನು ನಮ್ಮ ಲೋಟಗಳಿಗೆ ಸುರಿದು, ತಾನು ತಪ್ಪಲೆಯ ತಳದಲ್ಲಿ ಉಳಿದದ್ದನ್ನಷ್ಟೇ ಕುಡಿದಿದ್ದರು. ನಾನು ಅವರ ಕಂಬಳಿಯಲ್ಲಿ ಬೆಲ್ಲ ಹುಡುಕಿದ್ದೆ.

ಮೇಡಂ ಹೊಸ ಚೀಟಿ ಹರಿದು ಹಾಕಿದರು. ಹಳೇ ಮಾತ್ರೆಯನ್ನೇ ಒಬ್ಬರೇ ನುಂಗಿದರೆ ಸಾಕಾಗಬಹುದು ಎಂದರು. ಆಮೇಲೆ, “ನಾಳೆ ಎಲ್ರೂ ಬನ್ನಿ. ಎರಡು ತಿಂಗಳು ಮದ್ದು ಕುಡಿದವರಲ್ವಾ, ಒಂದ್ಸಲ ಎಲ್ರನ್ನೂ ನೋಡ್ತೀನಿ,” ಎಂದರು.

ಮಾರನೆಯ ದಿನ ಅತ್ತೆಯನ್ನು ಹೊರಡಿಸುವುದೇ ದೊಡ್ಡ ಕೆಲಸವಾಯಿತು. “ನನಗೇನಾಗೈತೆ, ಹೊಟ್ಟೆ ಒಂದು ಬಿಟ್ರೆ ಗುಂಡುಕಲ್ಲಿದ್ದಂಗಿದೀನಿ,” ಎಂದು ಬಸ್ಸಿನುದ್ದಕ್ಕೂ ಗೊಣಗಿದರು. ಜುಂಜೇಶ್‌ಗೆ ಏನೂ ಇರಲಿಲ್ಲ. ನನಗೂ ಇರಲಿಲ್ಲ. ಅತ್ತೆಗೆ ಮಾತ್ರ ಇನ್ನೂರ ನಲವತ್ತು, ಅದೂ ಮಾವನ ಮಜ್ಜಿಗೆ ಕುಡಿದ ಮೇಲೆ. ಮೇಡಂ ನಾಡಿ ಹಿಡಿದವರು ಕೈ ಬಿಡಲೇ ಇಲ್ಲ. ನರ್ಸನ್ನು ಕರೆದು ಇಸಿಜಿ ತೆಗೆಸಿದರು.

ಮಾವನ ಗೆರೆಯಲ್ಲಿ ಅಲ್ಲಲ್ಲಿ ಒಂದೊಂದು ಬಡಿತ ತಪ್ಪುತ್ತಿದ್ದರೆ, ಅತ್ತೆಯದರಲ್ಲಿ ಯಾವ ಎರಡು ಬಡಿತಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಹೃದಯದ ಮೇಲಿನ ಕೋಣೆಗಳು ಮಿಡಿಯುವ ಬದಲು ಬರೀ ನಡುಗುತ್ತಿವೆ ಎಂದರು ಮೇಡಂ. ಹಾಗೆ ನಡುಗುವಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

“ಸುಸ್ತು, ಉಬ್ಬಸ, ಏನೂ ಆಗ್ತಿರಲಿಲ್ವಾ ಅಮ್ಮ?”

“ಆಗ್ತಿತ್ತು,” ಎಂದರು ಅತ್ತೆ. “ಸೊಸೆ ಅಡುಗೆ ಅಂದ್ಕಂಡಿದ್ದೆ.”

ಜುಂಜೇಶ್ ನಕ್ಕೇಬಿಟ್ಟರು. ನಾನೂ ನಕ್ಕೆ. ಮಾವ ಒಬ್ಬರು ನಗಲಿಲ್ಲ. ಅವರು ಆ ಕಾಗದದ ಗೆರೆಯನ್ನೇ ನೋಡುತ್ತಿದ್ದರು.

ಅಂದಿನಿಂದ ಅಂಬಲಿಯ ತಪ್ಪಲೆ ನನ್ನ ವಶಕ್ಕೆ ಬಂತು. ಇಬ್ಬರಿಗೂ ಬೇರೆ ಬೇರೆ ಬಣ್ಣದ ಮಾತ್ರೆ ಡಬ್ಬಿ ತಂದೆ. ಅತ್ತೆಗೆ ರಕ್ತ ತೆಳುವಾಗಿಡುವ ಮಾತ್ರೆಯೂ ಸೇರಿತು. ಹಾಸ್ಟೆಲ್ ವಾರ್ಡನ್ ಥರ ಎದುರಿಗೆ ನಿಂತು ನುಂಗಿಸಿ, ಬಾಯಿ ತೆರೆಸಿ ನೋಡಿಯೇ ಬಸ್ಸು ಹತ್ತುತ್ತಿದ್ದೆ. “ಕುರಿ ಹಲ್ಲು ನೋಡ್ದಂಗೆ ನೋಡ್ತೀಯಲ್ಲವ್ವ,” ಎನ್ನುತ್ತಿದ್ದರು ಮಾವ. ವಾರದೊಳಗೆ ಹಿತ್ತಲ ಸರತಿ ಕರಗಿತು. ಎಣ್ಣೆಯ ಬಗ್ಗೆ ಅತ್ತೆ ಮತ್ತೆ ಮಾತೆತ್ತಲಿಲ್ಲ. ತಪ್ಪಾಯ್ತು ಅನ್ನುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಒಂದು ದಿನ ನನ್ನ ಮುದ್ದೆಯ ಮೇಲೆ ತುಪ್ಪ ಜಾಸ್ತಿ ಬಿತ್ತು, ಅಷ್ಟೆ.

ದೀಪಾವಳಿಯ ಮುಂಚೆ ಮತ್ತೆ ಮಾವನ ಎದೆಗೆ ಡಬ್ಬಿ ಕಟ್ಟಿಸಿಕೊಂಡು ಬಂದೆವು. ಮಾವನ ಸಕ್ಕರೆ ನೂರ ನಲವತ್ತಕ್ಕೆ ಇಳಿದಿತ್ತು. ದಾರಿ ತಪ್ಪುವ ಬಡಿತಗಳು ಒಂಬತ್ತು ಸಾವಿರದಿಂದ ಏಳುನೂರಕ್ಕೆ ಬಂದಿದ್ದವು. ಅನುಪಮಾ ಮೇಡಂ ವರದಿಯನ್ನು ಎರಡು ಸಲ ಓದಿ, “ಹೋಗಿ ಬನ್ನಿ ಯಜಮಾನ್ರೇ. ಮಾತ್ರೆ ಮಾತ್ರ ಯಾವ ಕುರಿಗೂ ಕೊಡಬೇಡಿ,” ಎಂದರು. ಅತ್ತೆಯ ಸಕ್ಕರೆಯೂ ಇಳಿದಿತ್ತು. ನಾಡಿ ಮಾತ್ರ ಇನ್ನೂ ದಾರಿಗೆ ಬಂದಿರಲಿಲ್ಲ. ಕೆಲವರಿಗೆ ಹೊತ್ತು ಹಿಡಿಯುತ್ತೆ, ಕೆಲವರಿಗೆ ಹಾಗೇ ಉಳಿಯಲೂಬಹುದು, ದಿನಾ ನಿಧಾನವಾಗಿ ಅರ್ಧ ಗಂಟೆ ನಡೆಯಲಿ, ಒಬ್ಬರನ್ನೇ ಬಿಡಬೇಡಿ ಎಂದರು.

ವಾಪಸ್ಸು ಬರುವಾಗ ಮಾವ ಬಸ್ಸಿನಲ್ಲಿ ಪಕ್ಕದವನಿಗೆ ಹೊಸದುರ್ಗದ ಆಚೆ ಎಲ್ಲೆಲ್ಲಿ ನೀರು ಸಿಗುತ್ತದೆ, ಹೊಳಲ್ಕೆರೆ ಹತ್ತಿರ ಯಾವ ಹೊಲದವನು ಒಳ್ಳೆಯವನು ಎಂದೆಲ್ಲ ಹೇಳಿದರು. ಪಕ್ಕದವನು ಹಿರಿಯೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟವನಂತೆ, ಪಾಪ.

ಹೊರಡುವ ದಿನ ಬೆಳಿಗ್ಗೆ ಹಟ್ಟಿಯ ಮುಂದೆ ಕುರಿಗಳೆಲ್ಲ ಸೇರಿದ್ದವು. ಜೊತೆಗೆ ಹೋಗುವ ಚಿಕ್ಕತಿಮ್ಮಪ್ಪ ಕತ್ತೆಯ ಮೇಲೆ ಪಾತ್ರೆ ಪಗಡ ಹೇರಿ ಕಾಯುತ್ತಿದ್ದ. ಮಾವ ಕಂಬಳಿ ಹೆಗಲಿಗೆ ಹಾಕಿ, ಕೋಲು ಹಿಡಿದು, ತಮ್ಮ ಮಾತ್ರೆ ಡಬ್ಬಿಯನ್ನು ನನಗೆ ತೋರಿಸಿ ಜೇಬಿಗೆ ಇಳಿಸಿದರು. ಅತ್ತೆ ರೊಟ್ಟಿ ಗಂಟು ತೆಗೆದುಕೊಂಡು ಒಳಗಿನಿಂದ ಬಂದರು. ಅಂಗಳಕ್ಕೆ ಕಾಲಿಟ್ಟವರು ತಟ್ಟನೆ ನಿಂತರು. ಪಕ್ಕದ ಗೋಡೆಗೆ ಕೈ ಕೊಟ್ಟರು.

“ಏನಾಯ್ತೇ?” ಎಂದರು ಮಾವ.

“ಏನಿಲ್ಲ, ಬಿಸಿಲು ಕಣ್ಣಿಗೆ ಬಿತ್ತು. ತಗಾ, ಹೊತ್ತಾಯ್ತು, ಹೊರಡು.”

ಮಾವ ಹೋಗಿ ಗಂಟು ಇಸಿದುಕೊಂಡರು. ಅತ್ತೆಯ ಮಣಿಕಟ್ಟಿಗೆ ಎರಡು ಬೆರಳಿಟ್ಟು, ಅನುಪಮಾ ಮೇಡಂ ನಿಂತ ಹಾಗೆಯೇ ನಿಂತರು. ಅವರಿಗೆ ಎಷ್ಟು ತಿಳಿಯಿತೋ ನಾನು ಹೇಳಲಾರೆ. ಎಷ್ಟೋ ಹೊತ್ತು ಕೈ ಬಿಡಲಿಲ್ಲ. ಆಮೇಲೆ ತಿರುಗಿ, ಕಂಬಳಿ ತೆಗೆದು ಮಗನ ಹೆಗಲಿಗೆ ಹಾಕಿ, ಕೋಲು ಅವರ ಕೈಗಿಟ್ಟರು.

“ನೀನು ಹೋಗಪ್ಪ ಜುಂಜೇಶ. ಮುರುಗಪ್ಪಗೆ ಹೇಳು, ಈ ವರ್ಷ ಮಗ ಬಂದವ್ನೆ ಅಂತ.”

ಜುಂಜೇಶ್ ಕೋಲು ಹಿಡಿದು ನನ್ನ ಮುಖ ನೋಡಿದರು. ಅತ್ತೆಗೆ ಸಿಟ್ಟು ನೆತ್ತಿಗೇರಿತು. “ತಲೆ ಕೆಟ್ಟೈತಾ ನಿನಗೆ? ಮೂರು ತಿಂಗ್ಳು ಹೋಗ್ಬೇಕು, ಹೋಗ್ಬೇಕು ಅಂತ ಜೀವ ತಿಂದೆ. ಡಾಕ್ಟ್ರಮ್ಮ ಹೋಗು ಅಂತ ಬಾಯಿಬಿಟ್ಟು ಹೇಳವ್ಳೆ!”

“ನನಗೆ ಹೋಗು ಅಂದವ್ಳೆ. ನಿನ್ನ ಬಿಟ್ಟು ಹೋಗು ಅಂತ ಅಂದವ್ಳಾ?”

ಹಿಂಡು ಹೊರಟಿತು. ನಲವತ್ತು ವರ್ಷದಲ್ಲಿ ಮೊದಲ ಸಲ ಮಾವ ಅಂಗಳದಲ್ಲಿ ನಿಂತು ಅದರ ಧೂಳು ನೋಡಿದರು. ಕಣ್ಣು ಒರೆಸಿಕೊಂಡರು, ಧೂಳಿಗೆ ಎಂದು ನಾನೇನೂ ಅಂದುಕೊಳ್ಳಲಿಲ್ಲ. ನನಗೂ ಅಳು ಬಂತು.

ಈಗ ದಿನಾ ಸಂಜೆ ಇಬ್ಬರೂ ಟಾರು ರಸ್ತೆಯ ತನಕ ನಡೆದು ಬರುತ್ತಾರೆ. ನಮ್ಮ ಕಡೆ ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ. ನಾನು ನೋಡಿದ ಯಾವ ಹಿರಿಯರೂ ಬೇರೆ ಥರ ನಡೆದವರಲ್ಲ. ಮೊದಲ ದಿನವೇ ಮಾವ ಹಿಂದೆ ಉಳಿದರು. ಅತ್ತೆಗೆ ನಾಚಿಕೆಯಾಗಿ ಹೆಜ್ಜೆಗೊಂದು ಸಲ ತಿರುಗಿ ಬೈದರು.

“ಹಟ್ಟಿ ಜನ ಎಲ್ಲ ನೋಡ್ತಾವ್ರೆ, ಮುಂದೆ ನಡಿ!”

“ಕುರಿ ಕಾಯನು ಮುಂದೆ ಹೋದ್ರೆ, ಯಾವುದು ಎಡವ್ತೈತೆ ಅಂತ ಹೆಂಗೆ ಕಾಣ್ತೈತೆ? ನೀನು ನಡಿ.”

ಅತ್ತೆ ಬೈಯುತ್ತಲೇ ನಡೆದರು. ಹೆಜ್ಜೆ ಮಾತ್ರ ಸ್ವಲ್ಪ ನಿಧಾನ ಮಾಡಿದರು.